ಮುಗಿಯದ ಸೇತುವೆಯ ಉಪಕಾರ

ಮೂರನೆಯ ಪ್ಯಾಂಟಿನ ಹಿಂಜೇಬಿನಲ್ಲಿ ಒಂದು ನಟ್ಟು ಸಿಕ್ಕಿತು, ಮುಂಜೇಬಿನಲ್ಲಿ ಹಲ್ಲು ಮುರಿದ ಬಾಚಣಿಗೆ. ಸೋಪಕ್ಕ ಎರಡನ್ನೂ ಒಂದು ಡಬ್ಬಿಗೆ ಹಾಕಿ, ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಲಾರಿಯ ನಂಬರು ಗೀಚಿ, ಪ್ಯಾಂಟನ್ನು ಒಳಮಗ್ಗುಲು ಹೊರಗೆ ತಿರುವಿ ಟಬ್ಬಿಗೆ ಬಿಟ್ಟಳು. ಜೇಬು ನೋಡದೆ ಬಟ್ಟೆಯನ್ನು ನೀರಿಗೆ ಹಾಕಬಾರದೆಂಬುದನ್ನು ಅವಳು ಒಂದು ಪೆನ್ನಿನಿಂದ ಕಲಿತಿದ್ದಳು. ಆ ದಿನ ಒಂದಿಡೀ ಸಾಲಿನ ಡ್ರೈವರುಗಳು ನೀಲಿ ಬನಿಯನ್ ತೊಟ್ಟು ಹೊಳೆ ದಾಟಿದ್ದರು.

ಹೊಳೆ ದಾಟಲು ಕಾಯುವವರಿಂದಲೇ ಆ ಊರು ಬದುಕಿತ್ತು. ದೊಡ್ಡ ಸೇತುವೆಯ ನಡು ಕುಸಿದು ಕೆಲವು ವರ್ಷಗಳಾಗಿದ್ದವು. ಅದರ ಪಕ್ಕದಲ್ಲಿ ಹೊಸದಕ್ಕೆಂದು ಎಬ್ಬಿಸಿದ ಕಂಬಗಳು ನೀರಿನಲ್ಲಿ ಬರಿದಲೆಯಲ್ಲಿ ನಿಂತಿದ್ದವು. ನೀರುಕಾಗೆಗಳು ಅವುಗಳ ಮೇಲೆ ಕೂತು ರೆಕ್ಕೆ ಒಣಗಿಸಿಕೊಳ್ಳುತ್ತಿದ್ದವು. ಉಳಿದದ್ದು ತಾತನ ಕಾಲದ ಕಿರುಸೇತುವೆ ಒಂದೇ. ಅದರ ಮೇಲೆ ಒಂದು ಹೊತ್ತು ಈ ದಡದವರು ಹೋಗಬೇಕು, ಇನ್ನೊಂದು ಹೊತ್ತು ಆ ದಡದವರು ಬರಬೇಕು. ಹೀಗಾಗಿ ಲಾರಿಗಳು ಅರ್ಧ ದಿನ ಸಾಲುಗಟ್ಟಿ ನಿಲ್ಲುತ್ತಿದ್ದವು. ನಿಂತ ಮನುಷ್ಯನಿಗೆ ಹಸಿವಾಗುತ್ತದೆ, ಬೆವರು ಬರುತ್ತದೆ, ಗಡ್ಡ ತುರಿಸುತ್ತದೆ, ಹೆಂಡತಿಯ ನೆನಪಾಗುತ್ತದೆ. ಎಲ್ಲಕ್ಕೂ ರಸ್ತೆಬದಿಯಲ್ಲಿ ಅಂಗಡಿಗಳೆದ್ದಿದ್ದವು. ಕೊನೆಯದಕ್ಕೆ ಮೊಬೈಲ್ ರೀಚಾರ್ಜಿನ ಅಂಗಡಿ ಇತ್ತು. ಸ್ನಾನಕ್ಕೂ ಬಟ್ಟೆಗೂ ಸೋಪಕ್ಕನ ಶೆಡ್ಡು. ಸೋಪಕ್ಕ ಎಂಬುದು ಡ್ರೈವರುಗಳು ಇಟ್ಟ ಹೆಸರು. ಅಪ್ಪ ಅಮ್ಮ ಇಟ್ಟದ್ದನ್ನು ಕರೆಯುವವರು ಯಾರೂ ಉಳಿದಿರಲಿಲ್ಲ.

ಅವಳು ಅಂಗಿಗಳ ರಾಶಿಗೆ ಕೈ ಹಾಕುವ ಹೊತ್ತಿಗೆ ಭಾವ ಬಂದರು. ಗಂಡನ ಅಣ್ಣ, ಅಂಗಡಿಕಾರರ ಸಂಘದ ಅಧ್ಯಕ್ಷರು, ಆಳುವ ಪಕ್ಷಕ್ಕೆ ಆ ಊರಿನಲ್ಲಿದ್ದ ಬಾಯಿ. ಜನ ಎದುರಿಗೆ ಅಧ್ಯಕ್ಷರೇ ಎನ್ನುತ್ತಿದ್ದರು, ಬೆನ್ನ ಹಿಂದೆ ಮೈಕು ಎನ್ನುತ್ತಿದ್ದರು. ಎರಡಕ್ಕೂ ಅವರು ತಿರುಗಿ ನೋಡುತ್ತಿದ್ದರು.

“ನಾಳೆ ಮಂತ್ರಿಗಳು ಬರ್ತಾರೆ ಕಣಮ್ಮ. ಈ ಹಗ್ಗದ ಮೇಲಿರೋ ಚಡ್ಡಿಗಳನ್ನೆಲ್ಲ ಒಳಗೆ ತೆಗಿ. ಅವರು ಬರ್ತಿರೋದು ಊರಿನ ಅಭಿವೃದ್ಧಿ ನೋಡೋಕೆ.”

“ಅದೇ ಅಭಿವೃದ್ಧಿ ಭಾವ. ಮೊದಲು ಈ ರಸ್ತೇಲಿ ಒಂದು ಚಡ್ಡೀನೂ ಇರಲಿಲ್ಲ.”

ಒಳಗೆ ಬಾಯ್ಲರಿನ ಹತ್ತಿರ ಗಂಡ ಕೆಮ್ಮಿದ. ನಗು ಬಂದಾಗ ಕೆಮ್ಮುವುದು ಅವನ ರೂಢಿ. ಅಣ್ಣನ ಮನೆಯಲ್ಲಿದ್ದಾಗ ಕಲಿತದ್ದು.

ಆ ಮನೆಯ ಹಿಂದಿನ ಕೋಣೆಯಲ್ಲಿ ಅವರಿಬ್ಬರೂ ಬಹಳ ಕಾಲ ಇದ್ದರು. ಲಾರಿ ಓಡಿಸುತ್ತಿದ್ದ ಗಂಡ ಬೆನ್ನು ಮುರಿದುಕೊಂಡು ಮಲಗಿದ ಮೇಲೆ ಭಾವ ಕರೆದುಕೊಂಡು ಹೋಗಿದ್ದರು. ಅನ್ನಕ್ಕೆ ಕೊರತೆ ಮಾಡಲಿಲ್ಲ. ಆದರೆ ಸೋಪು ಬೇಕಾದಾಗ ವಾರಗಿತ್ತಿಯ ಮುಂದೆ ನಿಲ್ಲಬೇಕಿತ್ತು. ವಾರಗಿತ್ತಿ ಒಳ್ಳೆಯವಳೇ, ಹೊಸ ಸೋಪಿನ ಸುತ್ತ ದಾರ ಸುತ್ತಿ ಎಳೆದು, ನೇರವಾಗಿ ಕೊಯ್ದು, ಅರ್ಧ ಕೊಡುತ್ತಿದ್ದಳು. ಆ ಅರ್ಧ ಸೋಪನ್ನು ಹಿಡಿದು ಹಿತ್ತಲಿಗೆ ನಡೆಯುವಾಗ ತಾನೂ ಎಲ್ಲೋ ನಡುವೆ ಕೊಯ್ದ ಅರ್ಧವೇ ಎಂದು ಅವಳಿಗೆ ಅನ್ನಿಸುತ್ತಿತ್ತು. ಸೇತುವೆ ಕುಸಿದ ವಾರ ಯಾರೋ ಡ್ರೈವರು ಬೇಲಿಯಾಚೆಯಿಂದ ಒಂದು ಬಕೆಟ್ ನೀರು ಕೇಳಿದ. ಅವಳು ನೀರಿನ ಜೊತೆ ತನ್ನ ಅರ್ಧ ಸೋಪನ್ನೂ ಕೊಟ್ಟಳು. ಶೆಡ್ಡಿನ ಕಥೆ ಅಲ್ಲಿಂದ ಶುರು. ಶೆಡ್ಡಿನಿಂದ ಅವಳಿಗೆ ಬಂದದ್ದರಲ್ಲಿ ದೊಡ್ಡದು ಯಾವುದೆಂದರೆ, ಇನ್ನೊಬ್ಬರ ಮುಂದೆ ನಿಂತು ಕೇಳುವುದು ಹೇಗೆಂಬುದೇ ಅವಳಿಗೆ ಮರೆತುಹೋದದ್ದು.

“ಸನ್ಮಾನ ಅಂದ್ರೆ ಸನ್ಮಾನ ಆಗಬೇಕು,” ಭಾವ ಹೇಳುತ್ತಿದ್ದರು. “ಈ ಊರು ಹಿಂಗೆ ಬೆಳೆದಿದ್ದು ಯಾರ ಕಾಲದಲ್ಲಿ? ನಮ್ಮವರ ಕಾಲದಲ್ಲಿ.”

ಪಕ್ಕದ ಅಂಗಡಿಯಿಂದ ಪಂಕ್ಚರಣ್ಣ ಟ್ಯೂಬೊಂದನ್ನು ಹೆಗಲಿಗೆ ಹಾಕಿಕೊಂಡೇ ಬಂದ. ಅವನು ಎದುರು ಪಕ್ಷ.

“ಸ್ವಲ್ಪ ತಡೀರಿ ಅಧ್ಯಕ್ಷರೇ. ಬೀಳೋ ಸೇತುವೆ ಕಟ್ಟಿಸಿದ್ದು ಯಾರು? ನಮ್ಮವರು. ನಿಮ್ಮವರು ಬಿದ್ದಿದ್ದನ್ನ ಎತ್ತದೆ ಬಿಟ್ಟರು, ಅಷ್ಟೆ. ಮೂಲ ಬಂಡವಾಳ ನಮ್ಮದು.”

“ಬೀಳಿಸೋದು ಸುಲಭ ಕಣಯ್ಯ. ಇಷ್ಟು ವರ್ಷ ಎತ್ತದೆ ಹಾಗೇ ಕಾಪಾಡೋದು ಕಷ್ಟ.”

“ಅದೂ ಹೌದು,” ಎಂದ ಪಂಕ್ಚರಣ್ಣ. ವಾದದಲ್ಲಿ ನ್ಯಾಯ ಕಂಡರೆ ಒಪ್ಪಿಕೊಳ್ಳುವ ಮನುಷ್ಯ.

ಆಮೇಲೆ ಇಬ್ಬರೂ ದನಿ ತಗ್ಗಿಸಿದರು. ಊರಿನ ಅಂಗಡಿಯವರೆಲ್ಲ ಸೇರಿ ಒಂದು ಉಪಾಯ ಮಾಡಿದ್ದರು. ಹೊಸ ಸೇತುವೆ ಕಟ್ಟಬೇಡಿ ಎಂದು ಯಾವ ಮುಖ ಹೊತ್ತು ಕೇಳುವುದು? ಪತ್ರಿಕೆಯವರಿಗೆ ಗೊತ್ತಾದರೆ ಮರ್ಯಾದೆ ಹೋಗುತ್ತದೆ. ಆದ್ದರಿಂದ ಸೇತುವೆಯ ಸುದ್ದಿಯನ್ನೇ ಎತ್ತಬಾರದು. ಬರೀ ಹೊಗಳಬೇಕು. ಊರು ಚೆನ್ನಾಗಿದೆ, ಎಲ್ಲ ನಿಮ್ಮಿಂದ, ಇನ್ನೇನೂ ಬೇಡ ಎಂದು ಹೇಳಿ ಕಳಿಸಬೇಕು. ಹೊಟ್ಟೆ ತುಂಬಿದವರಿಗೆ ಯಾರೂ ಬಡಿಸುವುದಿಲ್ಲವಲ್ಲ.

“ಸುಮ್ನೆ ಇರೋರನ್ನ ಯಾಕೆ ಕೆಣಕ್ತೀರಿ ಭಾವ?” ಎಂದಳು ಸೋಪಕ್ಕ.

“ಹೊಗಳೋದನ್ನ ಕೆಣಕೋದು ಅಂತಾರೇನಮ್ಮ? ನಿನಗೆ ರಾಜಕೀಯ ತಿಳಿಯೋದಿಲ್ಲ.”

ತಿಳಿಯುವುದಿಲ್ಲವೆಂದು ಅವಳೂ ಒಪ್ಪಿಕೊಂಡಿದ್ದಳು. ಮಳೆ ಬಂದರೆ ನಮ್ಮಿಂದ, ಬರ ಬಂದರೆ ದೇವರಿಂದ ಎನ್ನುವವರ ಲೆಕ್ಕ ಅವಳ ತಲೆಗೆ ಹತ್ತುತ್ತಿರಲಿಲ್ಲ. ಬೆಳಗಾಗುವುದು ತನ್ನ ಕೋಳಿಯಿಂದಲೇ ಎಂದುಕೊಂಡಿದ್ದ ಮುದುಕಿಯಾದರೂ ಕೋಳಿಗೆ ಕಾಳು ಹಾಕುತ್ತಿದ್ದಳು. ಇವರು ಕೋಳಿಯನ್ನೂ ಸಾಕಿರಲಿಲ್ಲ.

ಚಡ್ಡಿಗಳನ್ನು ಅವಳು ತೆಗೆಯಲಿಲ್ಲ. ಒಳಗೆ ಹಾಕಿದರೆ ಒಣಗುವುದಿಲ್ಲ, ಒಣಗದಿದ್ದರೆ ಸಾಲು ಹೊರಡುವ ಹೊತ್ತಿಗೆ ಡ್ರೈವರುಗಳು ಬಾಯಿಗೆ ಬಂದದ್ದು ಅನ್ನುತ್ತಾರೆ.

ಮರುದಿನ ಮಂತ್ರಿಗಳ ಕಾರು ಆ ದಡದಿಂದ ಬಂತು. ಕಿರುಸೇತುವೆಯ ಮೇಲೆ ಮುಂದಿನ ಲಾರಿ ಗಕ್ಕೆಂದು ನಿಂತಿತಂತೆ, ಇವರ ಡ್ರೈವರು ಬ್ರೇಕು ಒತ್ತಿದನಂತೆ, ಮಂತ್ರಿಗಳ ಕೈಯಲ್ಲಿದ್ದ ಟೀ ಪೂರ್ತಿ ಅವರ ಅಂಗಿಯ ಪಾಲಾಯಿತಂತೆ. ಸಭೆಗೆ ಹೋಗುವ ಬದಲು ಕಾರು ನೆಟ್ಟಗೆ ಶೆಡ್ಡಿನ ಮುಂದೆ ಬಂದು ನಿಂತಿತು. ಆಪ್ತ ಕಾರ್ಯದರ್ಶಿ ಇಳಿದು ಬಂದು, “ಅಮ್ಮ, ಬೇಗ ಒಂದು ಅಂಗಿ ಒಗೆದು ಇಸ್ತ್ರಿ ಮಾಡಿಕೊಡಬೇಕಲ್ಲ,” ಎಂದ. ಅವನ ಹಿಂದೆಯೇ ಮಂತ್ರಿಗಳು ಗುಂಡಿ ಬಿಚ್ಚುತ್ತ ಬಂದರು.

ಬಲ್ಬಿನ ಕೆಳಗೆ, ಡ್ರೈವರುಗಳು ಕೂರುವ ಬೆಂಚಿನ ಮೇಲೆ ಅವರು ಬನಿಯನ್ನಿನಲ್ಲಿ ಕೂತರು. ಗೋಡೆಗಳ ಮೇಲಿನ ಪೋಸ್ಟರುಗಳಲ್ಲಿ ನೋಡಿದ್ದ ಮುಖವೇ, ಆದರೆ ಅದಕ್ಕೊಂದು ಹೊಟ್ಟೆ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಬನಿಯನ್ನಿನ ಕಂಕುಳಲ್ಲಿ ಸಣ್ಣದೊಂದು ತೂತಿತ್ತು. ಆ ತೂತು ನೋಡಿ ಅವಳಿಗೆ ಧೈರ್ಯ ಬಂತು.

ಅವಳು ಜೇಬು ತಡಕಿದಳು. ಭಾಷಣದ ಹಾಳೆ ಸಿಕ್ಕಿತು, ಬೆಂಚಿನ ಮೇಲಿಟ್ಟಳು. ಕಲೆಗೆ ಸೋಪು ತಿಕ್ಕಿ, ಬಿಸಿನೀರು ಬಿಟ್ಟು, ಮಷೀನಿನಲ್ಲಿ ಹಿಂಡಿ, ಹಸಿ ಅಂಗಿಯನ್ನೇ ಇಸ್ತ್ರಿ ಮೇಜಿಗೆ ಹಾಸಿದಳು. ಆವಿ ಎದ್ದಿತು.

“ಹೊಸ ಸೇತುವೆ ಯಾವಾಗ ಸಾರ್?” ಕಾಲರಿನ ಮೇಲೆ ಕಣ್ಣಿಟ್ಟೇ ಕೇಳಿದಳು.

ಮಂತ್ರಿಗಳು ನಿಟ್ಟುಸಿರು ಬಿಟ್ಟರು. ಅಂಗಿಯಿಲ್ಲದ ಮನುಷ್ಯನಿಗೆ ಸುಳ್ಳು ಹೇಳುವುದು ಕಷ್ಟವಿರಬೇಕು. “ಸದ್ಯಕ್ಕೆ ಆಗೋ ಮಾತಲ್ಲ ತಾಯಿ. ಅದರ ದುಡ್ಡು ನಮ್ಮೂರಿನ ಆಟದ ಮೈದಾನಕ್ಕೆ ಹೋಯ್ತು. ಇವತ್ತು ಸೇತುವೆ ಅಂತ ಬಾಯೇ ಬಿಡಬಾರದು ಅಂತ ಬಂದಿದ್ದೀನಿ. ನಿಮ್ಮೂರವರು ಕಲ್ಲು ಹೊಡೀದಿದ್ರೆ ಸಾಕು.”

“ಯಾಕೆ ಹೊಡೀತಾರೆ ಸಾರ್?”

“ನಿಜ ಹೇಳಬೇಕಂದ್ರೆ ಈ ಊರಿಗೆ ನಾನೇನೂ ಮಾಡಿಲ್ಲ.”

“ಅದಕ್ಕೇ ಚೆನ್ನಾಗಿದ್ದೀವಿ.”

ಅವರು ಅದನ್ನು ತಮಾಷೆ ಎಂದುಕೊಂಡು ಹೊಟ್ಟೆ ಕುಣಿಯುವ ಹಾಗೆ ನಕ್ಕರು. ಅವಳೂ ನಕ್ಕಳು. ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಹಗುರವಾದಂತೆ ಕಂಡಿತು. ಆ ಅಂಗಿಗೆ ಅವಳು ಎಂದೂ ಯಾರಿಗೂ ಮಾಡದಷ್ಟು ಚೆನ್ನಾಗಿ ಇಸ್ತ್ರಿ ಮಾಡಿದಳು. ತೋಳಿನ ಮಡಿಕೆಯಿಂದ ಕಾಗದ ಕೊಯ್ಯಬಹುದಿತ್ತು. ಮಂತ್ರಿಗಳು ಅದನ್ನು ತೊಟ್ಟು, ಗುಂಡಿ ಹಾಕಿಕೊಂಡು, ಕನ್ನಡಿಯಲ್ಲಿ ನೋಡಿಕೊಂಡು ಮತ್ತೆ ಗೋಡೆಯ ಮೇಲಿನ ಮನುಷ್ಯರಾದರು.

ಅವರು ಹೋದ ಮೇಲೆ ಗಂಡನಿಗೆ, “ಏನೂ ಆಗೋದಿಲ್ಲವಂತೆ,” ಎಂದಳು.

“ದೇವರು ದೊಡ್ಡವನು,” ಎಂದ ಗಂಡ.

ರಸ್ತೆಬದಿಯಲ್ಲೇ ಪೆಂಡಾಲು. ಒಂದು ಮಗ್ಗುಲಿಗೆ ಅಂಗಡಿಯವರು ಕುರ್ಚಿಗಳಲ್ಲಿ, ಇನ್ನೊಂದು ಮಗ್ಗುಲಿಗೆ ಸಾಲಿನಲ್ಲಿ ನಿಂತ ಲಾರಿಗಳ ಬಾನೆಟ್ಟುಗಳ ಮೇಲೆ ಡ್ರೈವರುಗಳು. ಸೋಪಕ್ಕ ಕೈ ಒರೆಸಿಕೊಂಡು ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತಳು.

ಭಾವ ಮೈಕಿನ ಮುಂದೆ ನಿಂತರೆ ಮೈಕಿಗೆ ಮೈಕು ಸಿಕ್ಕಂತೆ. ಈ ರಸ್ತೆಯಲ್ಲಿ ಮೊದಲು ಎರಡು ಅಂಗಡಿ ಇದ್ದವು, ಈಗ ನೋಡಿ ಎಂದರು. ಬೇರೆ ಊರಿಂದ ಜನ ಇಲ್ಲಿಗೆ ಕೆಲಸ ಹುಡುಕಿಕೊಂಡು ಬರುತ್ತಾರೆ ಎಂದರು. ನಮ್ಮ ತಮ್ಮನ ಹೆಂಡತಿಯನ್ನೇ ನೋಡಿ, ಹಿಂದಿನ ಕೋಣೆಯಲ್ಲಿ ಇದ್ದವಳು ಇಂದು ಒಡತಿ, ಇದು ಯಾರ ಕೃಪೆ ಎಂದರು. ಎಲ್ಲರೂ ಹಿಂದೆ ತಿರುಗಿ ಅವಳನ್ನು ನೋಡಿದರು. ಅವಳು ಸೆರಗಿನ ಅಂಚು ನೋಡಿಕೊಂಡಳು. ಚಳಿಗಾಲದಲ್ಲಿ ಬಾಯ್ಲರು ಕೆಟ್ಟಾಗ ತಾನು ಹಂಡೆ ಹೊತ್ತು ತಂದದ್ದು ಯಾವ ಕೃಪೆಯ ಲೆಕ್ಕಕ್ಕೆ ಸೇರಿತೋ ತಿಳಿಯಲಿಲ್ಲ.

ಪಂಕ್ಚರಣ್ಣ ಎದ್ದು ನಿಂತು, “ನಾನು ಎದುರು ಪಕ್ಷದವನು. ಆದರೆ ಗಾಳಿಗೆ ಪಕ್ಷ ಇಲ್ಲ. ಈ ಊರಿಗೆ ಗಾಳಿ ತುಂಬಿದ್ದು ನೀವೇ,” ಎಂದುಬಿಟ್ಟ. ರೀಚಾರ್ಜ್ ಅಂಗಡಿಯವನು ಅಳುವಷ್ಟು ಹೊಗಳಿದ. ನಮಗೆ ಏನೂ ಬೇಡ, ನಿಮ್ಮ ಆಶೀರ್ವಾದ ಒಂದೇ ಸಾಕು ಎಂದು ಎಲ್ಲರೂ ಹೇಳಿದರು.

ಕಲ್ಲು ಬೀಳುತ್ತದೆಂದು ಬಂದವರ ಕೈಗೆ ಹೂಗುಚ್ಛ ಬಿದ್ದಿತ್ತು. ಮಂತ್ರಿಗಳು ಎದ್ದರು. ಹಾಳೆಯನ್ನು ತೆಗೆದು ನೋಡಿ ಮಡಚಿದರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು; ನಟನೆಯಲ್ಲ, ಒರೆಸಿದ ಮೇಲೂ ನೀರಿತ್ತು.

“ನಾನು ಎಷ್ಟೋ ಊರು ನೋಡಿದ್ದೀನಿ. ಎಲ್ಲ ಕಡೆ ಅದು ಕೊಡಿ, ಇದು ಕೊಡಿ. ಏನೂ ಬೇಡ ಅಂದ ಊರು ಇದೊಂದೇ. ಈ ಊರಿನ ಏಳಿಗೆಗೆ ನಾನು ಕಾರಣ ಅಂತೀರಿ. ಇಲ್ಲಿಗೆ ಬರೋವರೆಗೂ ನಾನೇ ಅದನ್ನ ನಂಬಿರಲಿಲ್ಲ. ಈಗ ನಂಬ್ತೀನಿ.”

ಸೋಪಕ್ಕ ಕುರ್ಚಿಯ ಅಂಚಿಗೆ ಸರಿದಳು. ತಾನು ಮಾಡಿದ್ದೆಂದು ಹೇಳಿಕೊಳ್ಳುವವನಿಂದ ಅಪಾಯವಿಲ್ಲ. ಹೇಳಿಕೊಂಡದ್ದನ್ನು ನಂಬಿದವನು ಏನಾದರೂ ಮಾಡಿಬಿಡುತ್ತಾನೆ.

“ಸೇತುವೆ ಇಲ್ಲದೇನೇ ಇಷ್ಟು ಬೆಳೆದಿರೋ ಜನ, ಸೇತುವೆ ಆದ್ರೆ ಎಷ್ಟು ಬೆಳೀಬಹುದು. ಕೇಳದೆ ಇರೋರಿಗೇ ಕೊಡಬೇಕು. ನಮ್ಮೂರಿನ ಮೈದಾನ ಕಾಯಲಿ. ಬರೋ ವರ್ಷ ಇದೇ ಹೊತ್ತಿಗೆ ನಾನು ಹೊಸ ಸೇತುವೆ ಮೇಲೆ ನಡಕೊಂಡು ಬರ್ತೀನಿ. ಇದು ನನ್ನ ಮಾತು.”

ಪೆಂಡಾಲಿನಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಭಾವನ ಬಾಯಿ ತೆರೆದೇ ಇತ್ತು, ಶಬ್ದ ಮಾತ್ರ ಇರಲಿಲ್ಲ. ಮಂತ್ರಿಗಳು ಆ ಮೌನವನ್ನು ನೋಡಿ, ಜನ ಮಾತು ಬಾರದಷ್ಟು ಸಂತೋಷಪಟ್ಟಿದ್ದಾರೆಂದು ತಿಳಿದು ಮತ್ತೊಮ್ಮೆ ಕಣ್ಣೊರೆಸಿಕೊಂಡರು. ಆಗ ಲಾರಿಗಳ ಕಡೆಯಿಂದ ಚಪ್ಪಾಳೆ ಎದ್ದಿತು. ಒಬ್ಬ ಹಾರ್ನ್ ಒತ್ತಿದ, ಇನ್ನೊಬ್ಬ ಒತ್ತಿದ, ಸಾಲಿನ ಕೊನೆಯವರೆಗೂ ಹಾರ್ನು ಹಬ್ಬಿತು. ಬಾನೆಟ್ಟುಗಳ ಮೇಲೆ ಗಂಡಸರು ಎದ್ದು ಕುಣಿಯುತ್ತಿದ್ದರು. ಅವಳ ಗಿರಾಕಿಗಳು. ಅವರ ಬನಿಯನ್ನುಗಳ ಒಂದೊಂದು ತೂತೂ ಅವಳಿಗೆ ಗೊತ್ತಿತ್ತು.

ಅವರು ಇಷ್ಟು ಸಂತೋಷಪಡುವುದನ್ನು ಅವಳು ಎಂದೂ ನೋಡಿರಲಿಲ್ಲ. ಬಿಸಿನೀರು ಸುರಿದುಕೊಂಡಾಗ ಕಂಡ ಸಂತೋಷ ಬೇರೆ. ಇದು ಮನೆಗೆ ಹೋಗುವವರ ಸಂತೋಷ. ಅವರ ಅರ್ಧರ್ಧ ದಿನಗಳಿಂದಲೇ ತನ್ನ ಶೆಡ್ಡು ಎದ್ದದ್ದೆಂದು ಅವಳಿಗೆ ಹೊಳೆಯಿತು. ಹೊಳೆದದ್ದೇ ತಡ, ನಾಚಿಕೆಗಿಂತ ಮೊದಲು ಸಿಟ್ಟು ಬಂತು. ಸಿಟ್ಟು ಯಾರ ಮೇಲೆಂದು ಮಾತ್ರ ಹೊಳೆಯಲಿಲ್ಲ.

ಸಂಜೆ ಹೊತ್ತಿಗೆ ಅಂಗಡಿಯವರೆಲ್ಲ ಶೆಡ್ಡಿನ ಮುಂದೆ ಸೇರಿದರು. ಊರಿನ ಏಳಿಗೆಗೆ ಕಾರಣ ಯಾರೆಂದು ವರ್ಷಗಟ್ಟಲೆ ಕಿತ್ತಾಡಿದವರು ಈಗ ಊರು ಮುಳುಗಲು ಕಾರಣ ಯಾರೆಂದು ಕಿತ್ತಾಡಿದರು. ಈ ಸಲ ಯಾರೂ ತಮ್ಮದೆಂದು ಮುಂದೆ ಬರಲಿಲ್ಲ.

“ಗಾಳಿ ತುಂಬಿದ್ದು ನೀವೇ ಅಂತ ಅಂದಿದ್ದು ಯಾರು? ಅಲ್ಲಿಗೇ ಅವರು ಉಬ್ಬಿದ್ದು,” ಎಂದರು ಭಾವ.

“ಬೀದೀಲಿ ಹೋಗೋ ಮಾರೀನ ಮನೆಗೆ ಕರೆದಿದ್ದು ನೀವು,” ಎಂದ ಪಂಕ್ಚರಣ್ಣ. “ನಮ್ಮವರಾಗಿದ್ರೆ ಮಾತು ಕೊಡ್ತಿದ್ರು, ನಡೆಸ್ತಿರಲಿಲ್ಲ. ಅವರ ಮೇಲೆ ಆ ನಂಬಿಕೆ ಇಡಬಹುದಿತ್ತು.”

“ಇವರು ಮಾತ್ರ ನಡೆಸ್ತಾರೆ ಅಂತ ಏನು ಗ್ಯಾರಂಟಿ?” ರೀಚಾರ್ಜಿನವನು ಆಸೆಯಿಂದ ಕೇಳಿದ.

“ನಮ್ಮ ನಾಯಕರ ಮಾತನ್ನ ಅನುಮಾನಿಸ್ತೀಯಾ?” ಎಂದು ಗದರಿದ ಭಾವ, ಒಂದು ಕ್ಷಣ ಬಿಟ್ಟು, “ಅನುಮಾನಕ್ಕೆ ಸ್ವಲ್ಪ ಜಾಗ ಇದೆ ಅನ್ನು,” ಎಂದರು.

ಎಲ್ಲರೂ ಚದುರಿದ ಮೇಲೆ ಭಾವ ಒಬ್ಬರೇ ಉಳಿದರು. ಇಸ್ತ್ರಿ ಮೇಜಿನ ಪಕ್ಕ ಬಂದು ನಿಂತು, ಎಂದೂ ಇಲ್ಲದ ಮೆಲುದನಿಯಲ್ಲಿ ಹೇಳಿದರು: “ನೀನು ಹೆದರಬೇಡಮ್ಮ. ಏನೇ ಆದ್ರೂ ನಮ್ಮ ಹಿಂದಿನ ಕೋಣೆ ಖಾಲೀನೇ ಇದೆ. ನಿಮ್ಮಕ್ಕನಿಗೂ ಹೇಳಿದ್ದೀನಿ.”

ಅವರು ಪ್ರೀತಿಯಿಂದಲೇ ಹೇಳಿದ್ದರು. ಅದೇ ತೊಂದರೆ. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. “ಹೂಂ ಭಾವ,” ಎಂದಳು. ಎಂದ ಕೂಡಲೇ, ಕಾಲು ತಾನಾಗಿ ಹಿಂದಿನ ಕೋಣೆಯ ಹೊಸಲಿನತ್ತ ನಡೆದಂತೆ ಅನ್ನಿಸಿತು. ಗಂಡನ ಕಡೆ ನೋಡಿದಳು. ಅವನು ಬಾಯ್ಲರಿನ ಮುಂದೆ ತಲೆ ತಗ್ಗಿಸಿ ಕೂತಿದ್ದ, ಕೆಮ್ಮಲಿಲ್ಲ.

ಆ ದಡದ ಸಾಲು ಹೊಳೆ ದಾಟಿ ಬಂತು. ಹಳೆಯ ಗಿರಾಕಿಯೊಬ್ಬ, ಮೀಸೆ ಪೂರ್ತಿ ಬೆಳ್ಳಗಾದ ಡ್ರೈವರು, ದೊಡ್ಡ ಗಂಟೊಂದನ್ನು ಹೊತ್ತು ತಂದ. “ಸೋಪಕ್ಕ, ಇನ್ನೊಂದು ವರ್ಷಕ್ಕೆ ನಿಮ್ಮ ಕೈಯಲ್ಲಿ ಒಗೆಸಿಕೊಳ್ಳೋ ಯೋಗ ಮುಗೀತು. ಮನೇಲಿ ಹೆಂಡತಿ ಕೈಯಲ್ಲೇ ಬೈಗುಳ ಸಮೇತ ಒಗೆಸಿಕೋಬೇಕು.”

“ನಿಮ್ಮ ಬನಿಯನ್ ಒಗೆಯೋದಕ್ಕೆ ಬೈಗುಳ ಸಾಲದು, ಕುಡುಗೋಲು ಬೇಕು,” ಎಂದಳು. ಎಷ್ಟೇ ದುಃಖವಿದ್ದರೂ ಗಿರಾಕಿಯ ಜೊತೆ ನಾಲಿಗೆ ತನ್ನ ಕೆಲಸ ಮಾಡುತ್ತಿತ್ತು.

ಗಂಟು ಬಿಚ್ಚಿದಳು. ಒಂದೂ ಪ್ಯಾಂಟಿರಲಿಲ್ಲ. ಹೆಂಗಸರ ಬಟ್ಟೆ, ಒಂದು ಟವೆಲು, ಮಗುವಿನ ಅಂಗಿಗಳು. ಶೆಡ್ಡಿಗೆ ಇಂಥ ಗಂಟು ಇದೇ ಮೊದಲು. ಬೆವರು, ಔಷಧಿ, ಹಾಲು ಬೆರೆತ ವಾಸನೆ.

“ನಮ್ಮ ತಂಗೀದು. ಮಗುವನ್ನ ಆ ದಡದ ದೊಡ್ಡಾಸ್ಪತ್ರೇಲಿ ಇಟ್ಟುಕೊಂಡು ಕೂತಿದ್ದಾಳೆ,” ಎಂದ ಮೀಸೆಯವನು. “ಮಗುವಿಗೆ ಹಾಸಿಗೆ ಇದೆ, ಡಾಕ್ಟರು ಇದ್ದಾರೆ. ಜೊತೆಗಿರೋರಿಗೆ ಏನೂ ಇಲ್ಲ. ಗಂಡಸರಾದ್ರೆ ಹೊಳೇಲಿ ಮುಳುಗಿ ಬರ್ತಾರೆ. ಹೆಂಗಸರೇನು ಮಾಡಬೇಕು? ತಲೆಗೆ ನೀರು ಹಾಕ್ಕೊಳ್ಳದೆ ಎಷ್ಟು ದಿನ ಆಯ್ತೋ. ಸಂಕೋಚ, ಯಾರನ್ನೂ ಕೇಳಲ್ಲ. ಈ ಗಂಟನ್ನೂ ನಾನು ಕಿತ್ಕೊಂಡು ಬಂದೆ.”

“ಹಂಗೆ ಬಹಳ ಜನ ಇದ್ದಾರಾ?”

“ಗೋಡೆ ಉದ್ದಕ್ಕೂ.”

ಅವಳು ಮಗುವಿನ ಅಂಗಿಗಳನ್ನು ಬೇರೆ ಮಾಡಿ ಬಿಸಿನೀರಿಗೆ ಹಾಕಿದಳು. ಗೋಡೆ ಉದ್ದಕ್ಕೂ ಕೂತ, ಯಾರನ್ನೂ ಕೇಳದ ಹೆಂಗಸರು ಕಣ್ಣಿಗೆ ಕಟ್ಟಿದರು. ತಲೆ ಕೆರೆದುಕೊಳ್ಳಲೂ ನಾಚಿ ಸೆರಗು ಎಳೆದುಕೊಳ್ಳುವವರು. ಸೇತುವೆ ಆದರೆ ಅವರು ಇನ್ನೂ ಹೆಚ್ಚು ಬರುತ್ತಾರೆ. ಆಗದಿದ್ದರೆ ಇರುವವರೇ ಇರುತ್ತಾರೆ. ಮಕ್ಕಳಿಗೆ ಜ್ವರ ಬರುವುದಕ್ಕೆ ಯಾವ ಮಂತ್ರಿಯ ಸಹಿಯೂ ಬೇಕಿಲ್ಲ.

“ಅವರು ಕೂರೋದು ಯಾವ ಕಡೆ? ಮುಂದಿನ ಗೇಟೋ ಹಿಂದಿನದೋ?”

“ಹಿಂದಿನದು. ಯಾಕಕ್ಕ?”

“ಸುಮ್ನೆ.”

ಟಬ್ಬಿನಲ್ಲಿ ನೊರೆ ಎದ್ದಿತು. ಬೆಳಿಗ್ಗೆ ಈ ದಡದ ಮೊದಲ ಸಾಲು ಬಿಟ್ಟಾಗ ಈ ಬಟ್ಟೆಗಳನ್ನು ತಾನೇ ಕೊಂಡೊಯ್ದು ಆ ತಾಯಿಯ ಕೈಗೆ ಕೊಡುವುದು. ಕೊಟ್ಟು, ಹಿಂದಿನ ಗೇಟಿನ ಸುತ್ತಮುತ್ತ ನಲ್ಲಿಯಿರುವ ಕೋಣೆ ಯಾವುದಾದರೂ ಬಾಡಿಗೆಗಿದೆಯೇ ನೋಡಿಬರುವುದು. ಹೆಂಗಸರಿಗೆ ಮಾತ್ರ. ಒಳಗಿನಿಂದ ಅಗುಳಿ ಹಾಕಿಕೊಳ್ಳುವಂಥ ಬಾಗಿಲು.

“ಏನು ಯೋಚನೆ ಮಾಡ್ತಿದ್ದೀಯ?” ಗಂಡ ಬಾಯ್ಲರಿನಿಂದ ತಲೆಯೆತ್ತಿ ಕೇಳಿದ.

ಹೇಳಬೇಕೆಂದು ಬಾಯಿ ತೆರೆದಳು. ಹೇಳಿದರೆ ಅವನ ಮುಖ ಅರಳುತ್ತದೆ. ಅರಳಿದ ಮುಖವನ್ನು ಅವನು ಅಣ್ಣನಿಗೆ ತೋರಿಸದೆ ಇರಲಾರ. ಭಾವನಿಗೆ ತಿಳಿದರೆ ನಾಳೆ ಮಧ್ಯಾಹ್ನದೊಳಗೆ ಅದು ಅವರು ಕೊಟ್ಟ ಸಲಹೆಯಾಗುತ್ತದೆ, ಸಂಜೆಗೆ ಮಂತ್ರಿಗಳ ದೂರದೃಷ್ಟಿಯಾಗುತ್ತದೆ.

“ಹಾಲಿನ ಕಲೆ,” ಎಂದಳು. “ಹೋಗುತ್ತೋ ಇಲ್ಲವೋ ಅಂತ ನೋಡ್ತಿದ್ದೀನಿ.”